ಹಾರ್ನಿನಲ್ಲಿ ವಾರ್ತೆ ಬರುವ ತನಕ

ನಮ್ಮೂರ ಹಾಲಿನ ಡೈರಿಯ ಸೆಕ್ರೆಟರಿಗೆ ನನ್ನ ಮೇಲೆ ಎರಡು ಸಿಟ್ಟಿದ್ದವು. ನಾನು ಬಿ.ಕಾಂ. ಮಾಡಿದ್ದು ಒಂದು. ಮಾಡಿದ ಮೇಲೂ ಊರು ಬಿಡದೆ ಅವರ ಕಣ್ಣೆದುರಿಗೇ ಬಂದು ಕೂತದ್ದು ಇನ್ನೊಂದು. ನನಗೆ ಅವರ ಮೇಲಿದ್ದದ್ದು ಒಂದೇ ಸಿಟ್ಟು. ಆದರೆ ಅದು ನನ್ನ ಕಾಲೇಜಿಗಿಂತ ಹಳೆಯದು, ಅಮ್ಮನ ಕಡೆಯಿಂದ ಬಂದದ್ದು.

ತ್ಯಾಮಗೊಂಡ್ಲು ಕಡೆಯ ಊರು ನಮ್ಮದು. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ನೆಲಮಂಗಲದ ಕಾಲೇಜಿಗೆ ಬಸ್ಸಿನ ಬಾಗಿಲಲ್ಲಿ ನಿಂತುಕೊಂಡು ಹೋದವಳು, ವಾಪಸ್ ಬಂದು ಸೀಮೆಹುಲ್ಲು ಕೊಯ್ದವಳು, ಅಕೌಂಟೆನ್ಸಿಯನ್ನು ಕೊಟ್ಟಿಗೆಯ ಬಲ್ಬಿನ ಕೆಳಗೆ ಓದಿದವಳು. "ಅದನ್ನೇನು ಹೇಳ್ಕೊಳ್ಳೋದು" ಅನ್ನುವವರ ಮನೆಯಲ್ಲಿ ಅವರ ತಾತನ ಕಾಲಕ್ಕೇ ಯಾರಾದರೂ ಓದಿರುತ್ತಾರೆ.

ಡೈರಿಗೆ ಹೊಸ ತಕ್ಕಡಿ, ಹಾಲಿನ ಕೊಬ್ಬು ಅಳೆಯುವ ಯಂತ್ರ ಬಂದು ಎರಡನ್ನೂ ಕಂಪ್ಯೂಟರಿಗೆ ಜೋಡಿಸಿದಾಗ, ಅದರ ಮುಂದೆ ಮೊದಲು ಕೂತದ್ದು ಸೆಕ್ರೆಟರಿಯ ಬಾಮೈದ. ಮಕ್ಕಳೊಂದಿಗ ಮನುಷ್ಯ, ಮಾತು ಜೋರು. ಒಂದು ವಾರ ಕಳೆಯುವುದರೊಳಗೆ ಒಬ್ಬರ ಎಮ್ಮೆ ಹಾಲು ಇನ್ನೊಬ್ಬರ ಹಸುವಿನ ಚೀಟಿಗೆ ಬಿದ್ದು, ಡೈರಿ ಮುಂದೆ ಕೈ ಕೈ ಮಿಲಾಯಿಸುವ ಹಂತ ಬಂತು. "ಆಯಮ್ಮನ ಮಗ್ಳು ಕಂಪ್ಯೂಟ್ರು ಕಲ್ತವ್ಳಲ್ಲ, ಅವ್ಳನ್ನ ಕೂರ್ಸಿ ಅತ್ಲಾಗೆ" ಎಂದು ಹಾಲು ಹಾಕುವವರೇ ಗಲಾಟೆ ಮಾಡಿದರು. ಸೆಕ್ರೆಟರಿ ನನ್ನನ್ನು ಕರೆಯಬೇಕಾಯಿತು. ಕರೆದರು, ಆದರೆ ಹೆಸರು ಹಿಡಿದು ಕರೆಯಲಿಲ್ಲ. ಅಂದಿನಿಂದ ಅವರ ಬಾಯಲ್ಲಿ ನಾನು "ಬೀಕಾಂ".

ಡೈರಿಯ ಹಾರ್ನಿನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಡೈರಿಯ ತಾರಸಿ ಮೇಲೆ ಒಂದು ಹಳೆಯ ಹಾರ್ನ್ ಸ್ಪೀಕರ್ ಇದೆ. ಈ ಸೆಕ್ರೆಟರಿಯ ಅಪ್ಪನೇ ಊರಿನ ಮೊದಲ ಸೆಕ್ರೆಟರಿ, ಅವರು ಕಟ್ಟಿಸಿದ್ದು. ಸಂಜೆ ಡೈರಿ ತೆರೆದ ಕೂಡಲೇ ರೇಡಿಯೋವನ್ನು ಹಾರ್ನಿಗೆ ಕೊಡುತ್ತಿದ್ದರು. ಚಿತ್ರಗೀತೆ ಬರುವಾಗ ಊರಿನ ಹೆಂಗಸರು ಕೆಚ್ಚಲು ತೊಳೆಯುತ್ತಿದ್ದರು. ರೈತರ ಮಾತುಕತೆ ಶುರುವಾಗುವ ಹೊತ್ತಿಗೆ ಕೈಯಲ್ಲಿ ಹಾಲಿನ ಪಾತ್ರೆ ಇರಬೇಕು. ಸಂಜೆ ವಾರ್ತೆಯ ಮೊದಲ ಮಾತು ಕೇಳಿತೋ, ಕ್ಯಾನಿನ ಮುಚ್ಚಳ ಮುಚ್ಚಿತು. ಊರಿಗೆ ಇದೇ ಗಡಿಯಾರ. ಆ ಕಾಲದಲ್ಲಿ "ನಮ್ಮನೆ ರೇಡಿಯೋದಲ್ಲಿ ಇನ್ನೂ ವಾರ್ತೆ ಬಂದಿಲ್ಲ" ಅಂತಲೋ "ನನ್ನ ವಾಚಲ್ಲಿ ಇನ್ನೂ ಟೈಮೈತೆ" ಅಂತಲೋ ವಾದ ಮಾಡುವವರು ಹೆಚ್ಚಾದಾಗ, ಆ ಹಳೆಯ ಸೆಕ್ರೆಟರಿ ಡೈರಿ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿಬಿಟ್ಟರು: "ಹಾರ್ನಿನಲ್ಲಿ ಸಂಜೆ ವಾರ್ತೆ ಆರಂಭವಾದ ಮೇಲೆ ಹಾಲು ತೆಗೆದುಕೊಳ್ಳುವುದಿಲ್ಲ." ಮನೆ ರೇಡಿಯೋ, ಕೈಗಡಿಯಾರ ಯಾವುದೂ ಲೆಕ್ಕಕ್ಕಿಲ್ಲ. ಹಾರ್ನ್ ಹೇಳಿದ್ದೇ ವೇಳೆ.

ಹಾಲಿನ ಗಾಡಿ ಬರುತ್ತಿದ್ದದ್ದು ಅದಾಗಿ ಎಷ್ಟೋ ಹೊತ್ತಿಗೆ. ಮುಚ್ಚಿದ ಕ್ಯಾನು ಅಲ್ಲೇ ಗೋಡೆಗೊರಗಿ ಕಾಯುತ್ತಿತ್ತು. ಗಾಡಿಯ ಆತುರಕ್ಕೆ ಮಾಡಿದ ನಿಯಮವಲ್ಲ ಅದು. ಮುಚ್ಚುವ ಕೈಗೆ ಒಂದು ಬಲ ಬೇಕಿತ್ತು, ಅಷ್ಟೇ.

ನನ್ನ ಅಮ್ಮ ಗುಲಾಬಿ ಬೆಳೆಯುವ ಪಾಲಿಹೌಸಿಗೆ ಕೂಲಿಗೆ ಹೋಗುತ್ತಾಳೆ. ಅವರ ವ್ಯಾನು ಸಂಜೆ ದೊಡ್ಡ ರಸ್ತೆಯಲ್ಲಿ ಇಳಿಸುತ್ತದೆ. ಅಲ್ಲಿಂದ ನಡೆದು ಬಂದು, ಹಸು ಕರೆದು, ಡೈರಿಯ ಕಡೆ ಓಡುವುದು. ನಾನು ಡೈರಿಯಲ್ಲೇ ಇರುತ್ತಿದ್ದರಿಂದ ಕರೆದುಕೊಡುವವರು ಬೇರೆ ಯಾರೂ ಇರಲಿಲ್ಲ. ನೀರಿನ ಟ್ಯಾಂಕಿನ ತಿರುವು ದಾಟಿದರೆ ಅವಳು ಡೈರಿಯ ಕಿಟಕಿಗೆ ಕಾಣುತ್ತಾಳೆ. ಎಷ್ಟೋ ಸಂಜೆ ಅವಳು ತಿರುವಿನಲ್ಲಿ ಕಾಣುವುದಕ್ಕೂ ವಾರ್ತೆ ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ಸೆಕ್ರೆಟರಿ ಕಿಟಕಿಯಿಂದ ಅವಳನ್ನು ನೋಡುತ್ತಲೇ ಮುಚ್ಚಳ ತೆಗೆದು ಕ್ಯಾನಿನ ಮೇಲೆ ಢಣ್ ಎಂದು ಕುಕ್ಕುತ್ತಿದ್ದರು. ಅವರ ಬೀದಿಯವರು ಅದಕ್ಕೂ ಆಮೇಲೆ ಬಂದರೆ "ಏ, ಬಾ ಬಾ, ಸುರಿ" ಎಂದು ಅದೇ ಮುಚ್ಚಳ ಎತ್ತುತ್ತಿದ್ದರು. ಅಮ್ಮನಿಗೆ ಮಾತ್ರ, "ವಾರ್ತೆ ಬಂತಲ್ಲಮ್ಮ, ಕೇಳಿಸ್ಲಿಲ್ವಾ? ನಾಳೆ ಬೇಗ ಬಾ."

ಕಾರಣ ಊರಿಗೆಲ್ಲ ಗೊತ್ತು. ಯಂತ್ರ ಬರುವುದಕ್ಕೆ ಮುಂಚೆ, ಹಾಲಿನ ಕೊಬ್ಬನ್ನು ಸೆಕ್ರೆಟರಿಯೇ ಅಳೆದು ಅದರ ಮೇಲೆ ದರ ಹಾಕುತ್ತಿದ್ದ ಕಾಲದಲ್ಲಿ, ಹಾಲಿನ ಸಂಘದ ವಾರ್ಷಿಕ ಸಭೆಯಲ್ಲಿ ಅಮ್ಮ ಎದ್ದು ನಿಂತು ಕೇಳಿದ್ದಳು: "ನಮ್ ಕೇರಿ ಹಸೀನ್ ಹಾಲಿಗೆ ಮಾತ್ರ ಕೊಬ್ಬು ಯಾಕಣ್ಣ ಕಮ್ಮಿ ಬರ್ತದೆ? ಎಲ್ಲಾ ತಿನ್ನೋದು ಇಲ್ಲೇ ತಗೊಂಡೋದ ಬೂಸ ತಾನೆ?" ಸಭೆ ನಕ್ಕಿತು. ಸೆಕ್ರೆಟರಿ ನಗಲಿಲ್ಲ.

ಸಂಘದಲ್ಲಿ ಒಂದು ಕಟ್ಟಳೆಯಿದೆ. ವರ್ಷಕ್ಕೆ ಇಂತಿಷ್ಟು ಹಾಲು ಹಾಕದ ಸದಸ್ಯರಿಗೆ ಸಭೆಯಲ್ಲಿ ಮಾತಾಡುವ, ಕೈ ಎತ್ತುವ ಹಕ್ಕಿಲ್ಲ. ಒಂದೇ ಹಸು ಇರುವ ಮನೆಯಲ್ಲಿ ಸಂಜೆ ಹಾಲು ವಾಪಸ್ ಬರುತ್ತಾ ಹೋದರೆ ಆ ಅಳತೆ ಮುಟ್ಟುವುದಿಲ್ಲ. ನಾನು ಮೊದಮೊದಲು ಇದನ್ನು ಬರೀ ಹಾಲಿನ ನಷ್ಟ ಎಂದುಕೊಂಡಿದ್ದೆ. ಅಮ್ಮ ವಾಪಸ್ ಬಂದ ಹಾಲನ್ನು ಒಲೆ ಮೇಲಿಟ್ಟು, ಉರಿ ಊದುತ್ತಾ ಹೇಳಿದಳು:

"ಅವ್ನು ವಾಪಸ್ ಕಳಿಸ್ತಿರೋದು ನನ್ ಹಾಲಲ್ಲ ಕಣೇ. ನನ್ ಬಾಯಿ."

ಮುಂದಿನ ಸಭೆಯಲ್ಲಿ ಎದ್ದು ನಿಲ್ಲಬೇಕು ಎನ್ನುವುದು ಅವಳ ಹಟ. ನಿಲ್ಲಬಾರದು ಎನ್ನುವುದು ಅವರ ಹಟ. ನಡುವೆ ಒಂದು ಮುಚ್ಚಳ.

ಹೀಗಿರುವಾಗ ರೇಡಿಯೋ ಕೆಟ್ಟಿತು. ನಿಜ ಹೇಳಬೇಕೆಂದರೆ ರೇಡಿಯೋ ಕೆಡಲಿಲ್ಲ, ಡೈರಿಯ ಸುತ್ತಮುತ್ತ ಗಾಳಿ ಕೆಟ್ಟಿತು. ಹೊಸ ಬೀದಿದೀಪ, ಯುಪಿಎಸ್ಸು, ಕಂಪ್ಯೂಟರು ಎಲ್ಲ ಸೇರಿ ಹಾರ್ನಿನಲ್ಲಿ ಕೊರ್ ಎನ್ನುವುದು ಬಿಟ್ಟು ಬೇರೇನೂ ಬರದಂತಾಯಿತು. ಆಗ ಬಾಮೈದ ತನ್ನ ಫೋನನ್ನು ಹಾರ್ನಿಗೆ ಸಿಕ್ಕಿಸಿ ಯಾವುದೋ ರೇಡಿಯೋ ಆ್ಯಪ್ ಹಾಕಿದ. ಹಾಡಿಗೆ ಮೊದಲು ಜಾಹೀರಾತು, ಹಾಡಿನ ನಡುವೆ ಜಾಹೀರಾತು. ದುಡ್ಡು ಕಟ್ಟಿದರೆ ಜಾಹೀರಾತು ಇಲ್ಲ ಎಂಬುದಕ್ಕೂ ಒಂದು ಜಾಹೀರಾತು, ಇಂಗ್ಲಿಷಿನಲ್ಲಿ. ಹಸುಗಳೂ ಬೆದರಿ ಹಾಲು ಸೊರ ಬಿಡುತ್ತಿಲ್ಲ ಎಂದು ಹೆಂಗಸರು ಬೈಯತೊಡಗಿದರು. ಒಂದು ಸಂಜೆ ಹಾಡಿನ ನಡುವೆ ಅವನಿಗೆ ಫೋನು ಬಂತು. ಅವನು ಅವಸರದಲ್ಲಿ ಎತ್ತಿದ. ಅವನ ಹೆಂಡತಿಯ ದನಿ ಊರ ಮೇಲೆಲ್ಲ ಹರಡಿತು:

"ಎಲ್ ಸತ್ತಿದ್ದೀರಾ? ಕೊತ್ತಂಬ್ರಿ ಸೊಪ್ಪು ತರಕ್ಕೆ ಬೆಳಿಗ್ಗೆಯಿಂದ ಬಡ್ಕೊತಾ ಇದೀನಿ!"

ಮಾರನೆಯ ದಿನ ಸೆಕ್ರೆಟರಿ ನನ್ನ ಮೇಜಿನ ಹತ್ತಿರ ಬಂದು, ಎಲ್ಲರಿಗೂ ಕೇಳಿಸುವ ಹಾಗೆ, "ಏನಮ್ಮಾ ಬೀಕಾಂ, ಇಷ್ಟ್ ದೊಡ್ ಡಿಗ್ರಿ ಮಡಿಕ್ಕೊಂಡಿದೀಯಾ. ಈ ಡಬ್ಬದಲ್ಲಿ ರೇಡಿಯೋ ಬರ್ಸಕ್ಕಾಗಲ್ವಾ?" ಎಂದರು. ಆಗುವುದಿಲ್ಲ ಎಂದು ನಾನು ಹೇಳಲಿ ಎಂಬುದೇ ಅವರ ಆಸೆ.

ಕಂಪ್ಯೂಟರಿನ ಜೊತೆಗೇ ಬಂದಿದ್ದ ಪ್ಲೇಯರ್ ತನ್ನೊಳಗೆ ಇಟ್ಟ ಹಾಡು ಬಿಟ್ಟು ಬೇರೆ ಏನನ್ನೂ ಒಪ್ಪಲಿಲ್ಲ. ರೇಡಿಯೋದ ವಿಳಾಸ ಕೊಟ್ಟರೆ ಬಾಯಿ ಮುಚ್ಚಿಕೊಂಡಿತು. ಕಾಲೇಜಿನ ಲ್ಯಾಬಿನಲ್ಲಿ ನಾವು ಬೇರೊಂದು ಪ್ಲೇಯರ್ ಬಳಸುತ್ತಿದ್ದೆವು. ಉಚಿತವಾದದ್ದು, ಯಾವ ಫೈಲು ಕೊಟ್ಟರೂ ಓಡಿಸುವಂಥದ್ದು. ಅದನ್ನು ಗೆಳತಿಯ ಹತ್ತಿರದಿಂದ ಪೆನ್‌ಡ್ರೈವಿನಲ್ಲಿ ತಂದು ಹಾಕಿದೆ. ಬೆಂಗಳೂರು ಸ್ಟೇಷನ್ನಿನ ಆನ್‌ಲೈನ್ ವಿಳಾಸ ಹುಡುಕುವುದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಒಂದು ಪುಟ ಇನ್ನೊಂದಕ್ಕೆ ಕಳಿಸುತ್ತದೆ, ಅದು ಆ್ಯಪ್ ಹಾಕಿಕೋ ಅನ್ನುತ್ತದೆ, ಮತ್ತೊಂದರಲ್ಲಿ ಕೊಟ್ಟ ವಿಳಾಸ ಸತ್ತಿರುತ್ತದೆ. ಕೊನೆಗೆ ಸಿಕ್ಕಿದ ಉದ್ದನೆಯ ಸಾಲನ್ನು ನಕಲು ಮಾಡಿ, ಪ್ಲೇಯರಿನಲ್ಲಿ ನೆಟ್‌ವರ್ಕಿನಿಂದ ತೆರೆಯುವ ಕಡೆ ಅಂಟಿಸಿ ಒತ್ತಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತಾರಸಿಯ ಮೇಲಿಂದ, ಕೊರ್ ಇಲ್ಲದೆ, ಗುರುಗುಟ್ಟದೆ, ತೊಳೆದಿಟ್ಟ ಹಾಗೆ ಒಂದು ಹಾಡು ಬಂತು. ಆ ವಿಳಾಸವನ್ನು ಪ್ಲೇಲಿಸ್ಟ್ ಮಾಡಿ ಪ್ಲೇಯರಿನೊಳಗೇ ಉಳಿಸಿ, ಅದಕ್ಕೆ "ರೇಡಿಯೋ" ಎಂದು ಹೆಸರು ಕೊಟ್ಟೆ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಯಾರ ಹೆಂಡತಿಯೂ ಇಲ್ಲ. ನೋಡಲು ಚಂದವಿಲ್ಲದ, ಹೇಳಿದ ಕೆಲಸ ಮಾಡುವ, ಅದಕ್ಕೆ ಯಾರ ಅಪ್ಪಣೆಯನ್ನೂ ಕೇಳದ ಆ ಪ್ಲೇಯರ್ ನನಗೆ ಬಹಳ ಹಿಡಿಸಿತು.

"ಒಂದ್ ಹಾಡ್ ಹಾಕಕ್ಕೆ ಮೂರ್ ವರ್ಷ ಕಾಲೇಜಿಗೋಗ್ಬೇಕಾ?" ಎಂದರು ಸೆಕ್ರೆಟರಿ.

"ಹೋಗ್ದೇ ಇರೋರು ಹಾಕಿದ್ದೂ ಊರೆಲ್ಲಾ ಕೇಳ್ತಲ್ಲಣ್ಣ," ಎಂದೆ. "ಕೊತ್ತಂಬ್ರಿ ಸೊಪ್ಪು."

ಸರತಿಯಲ್ಲಿದ್ದವರು ನಕ್ಕರು. ಬಾಮೈದ ಅವತ್ತಿನಿಂದ ನನ್ನ ಕಡೆ ತಿರುಗಿ ನೋಡಿಲ್ಲ. ಅದರಿಂದ ನನಗೇನೂ ಕಡಿಮೆಯಾಗಿಲ್ಲ.

ಟ್ಯಾಂಕಿನ ಹತ್ತಿರ ಟೀ ಅಂಗಡಿ ಇಟ್ಟಿರುವ ತಾತನೊಬ್ಬ ಇದ್ದಾನೆ. ಅವನ ಅಂಗಡಿಯ ಸುತ್ತ ವೈರುಗಳಿಲ್ಲವಾದ್ದರಿಂದ ಅವನ ಹಳೆಯ ಟ್ರಾನ್ಸಿಸ್ಟರಿನಲ್ಲಿ ಇನ್ನೂ ಸ್ಟೇಷನ್ ಬರುತ್ತದೆ. ಕೆಲವು ದಿನವಾದ ಮೇಲೆ ಅವನು ಹಾಲು ಹಾಕಲು ಬಂದಾಗ ನನ್ನ ಕಿಟಕಿಗೆ ಬಗ್ಗಿ ಕೇಳಿದ:

"ಅಲ್ಲವ್ವಾ, ನಿನ್ ವಾರ್ತೆ ನನ್ ವಾರ್ತೆಗಿಂತ ಹಿಂದೈತಲ್ಲ? ನನ್ ಡಬ್ಬದಾಗೆ ಶುರುವಾದ್ ಮೇಲೆ ಎದ್ ಬಂದ್ರೂ ಇಲ್ಲಿನ್ನೂ ರೈತ್ರ ಮಾತೇ ಆಡ್ತಾವ್ರೆ."

ಅದು ನನಗೆ ಗೊತ್ತಿತ್ತು. "ಇದು ನೆಟ್ಟಲ್ಲಿ ಬರೋದು ತಾತ. ಬಿಂದಿಗೆಗೆ ಒಂದಷ್ಟು ತುಂಬ್ಕೊಂಡು ಆಮೇಲೆ ಸುರಿಯುತ್ತೆ. ನಡುವೆ ನೆಟ್ ಹೋದ್ರೂ ಹಾಡು ನಿಲ್ಬಾರ್ದಲ್ಲ, ಅದ್ಕೆ."

ತಾತ ಗಡ್ಡ ಕೆರೆದುಕೊಂಡ. ಸೆಕ್ರೆಟರಿ ಒಳಗೆ ಕ್ಯಾನು ಉರುಳಿಸುತ್ತಿದ್ದರು. ಅವನು ದನಿ ತಗ್ಗಿಸಿದ.

"ಹಂಗಾದ್ರೆ ಬಿಂದ್ಗೆ ಒಸಿ ದೊಡ್ದು ಮಾಡವ್ವ. ನಿಮ್ಮವ್ವ ಟ್ಯಾಂಕ್ ತಾವ ಬಂದಿರ್ತಾಳೆ, ಅಷ್ಟ್ರಾಗೆ ಇವ್ನು ಢಣ್ ಅನ್ನಿಸ್ತಾನೆ."

ನಾನು ಬಿ.ಕಾಂ.; ಅವನು ಹೇಳುವ ತನಕ ನನಗೆ ಹೊಳೆದಿರಲಿಲ್ಲ. ಪ್ಲೇಯರಿನ ಸೆಟ್ಟಿಂಗಿನಲ್ಲಿ, ಸುಲಭದ ಪುಟದಲ್ಲಲ್ಲ, ಎಲ್ಲವನ್ನೂ ತೋರಿಸು ಎಂದರೆ ಬರುವ ಪುಟದಲ್ಲಿ, ಎಷ್ಟು ಹೊತ್ತಿನಷ್ಟನ್ನು ಮೊದಲೇ ತುಂಬಿಟ್ಟುಕೊಳ್ಳಬೇಕು ಎಂದು ಕೇಳುವ ಒಂದು ಸಣ್ಣ ಚೌಕವಿದೆ. ಅದಕ್ಕೆ ಹಾಕಬಹುದಾದ ಅತಿ ದೊಡ್ಡ ಸಂಖ್ಯೆಯನ್ನು ಹಾಕಿದೆ. ಮೊದಲೇ ಹಿಂದಿದ್ದ ವಾರ್ತೆ ಇನ್ನಷ್ಟು ಹಿಂದೆ ಸರಿಯಿತು. ಬಹಳವೇನಲ್ಲ. ಟ್ಯಾಂಕಿನ ತಿರುವಿನಿಂದ ಡೈರಿಯ ತನಕ ಒಬ್ಬ ಹೆಂಗಸು ಹಾಲು ತುಳುಕದ ಹಾಗೆ ನಡೆದು ಬರುವಷ್ಟು.

ಇದು ತಪ್ಪು ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಒಬ್ಬರಿಗೆ ಎತ್ತುವ, ಇನ್ನೊಬ್ಬರಿಗೆ ಕುಕ್ಕುವ ಮುಚ್ಚಳಕ್ಕಿಂತ ನನ್ನ ಸಂಖ್ಯೆ ನೆಟ್ಟಗಿತ್ತು. ಅದು ಇಡೀ ಊರಿಗೆ ಒಂದೇ ಸಮನಾಗಿ ತಡ ಮಾಡುತ್ತಿತ್ತು.

ಅಮ್ಮನ ಹಾಲು ದಿನಾ ಕ್ಯಾನಿಗೆ ಬೀಳತೊಡಗಿತು. ಅವಳು ಸುರಿಯುವಾಗ ಸೆಕ್ರೆಟರಿ ಹಾರ್ನಿನ ಕಡೆ ಕತ್ತೆತ್ತಿ ನೋಡುತ್ತಿದ್ದರು. ಮೊದಲು ಅವಳು ಬೇಗ ಬರುತ್ತಿದ್ದಾಳೆ ಎಂದುಕೊಂಡರು. ಆಮೇಲೆ ನನ್ನ ಮೇಲೆ ಅನುಮಾನ ಬಂತು. ಕಂಪ್ಯೂಟರಿನ ಹಿಂದೆಮುಂದೆ ಸುತ್ತಾಡಿದರು, ವೈರು ಎಳೆದು ನೋಡಿದರು. ಚೌಕ ಇದ್ದದ್ದು ಅವರಿಗೆ ಓದಲು ಬಾರದ ಪುಟದಲ್ಲಿ.

ಒಂದು ಸಂಜೆ ಅವರು ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡು ಕ್ಯಾನಿನ ಪಕ್ಕ ನಿಂತರು. ಬಾಮೈದನ ಅದೇ ಆ್ಯಪು. ಹಾರ್ನಿನಲ್ಲಿ ರೈತರ ಮಾತುಕತೆ ನಡೆಯುತ್ತಿತ್ತು; ಟೊಮೇಟೊ ಎಲೆ ಮುದುರುವ ರೋಗದ ಬಗ್ಗೆ ಯಾರೋ ಹೇಳುತ್ತಿದ್ದರು. ಅಮ್ಮ ಟ್ಯಾಂಕಿನ ತಿರುವು ದಾಟಿ ಬಂದು ಸರತಿಯ ಕೊನೆಯಲ್ಲಿ ನಿಂತಿದ್ದಳು. ಅವಳ ಮುಂದೆ ಇಬ್ಬರು. ಫೋನಿನಲ್ಲಿ ವಾರ್ತೆ ಶುರುವಾಯಿತು. ಸೆಕ್ರೆಟರಿ ಕಾದು, ಅಮ್ಮನ ಮುಂದಿದ್ದ ಇಬ್ಬರ ಹಾಲು ಹಾಕಿಸಿಕೊಂಡು, ಅವಳು ಪಾತ್ರೆ ಎತ್ತುವಾಗ ಢಣ್ ಎನ್ನಿಸಿದರು.

"ವಾರ್ತೆ ಬಂದಾಯ್ತು."

"ಎಲ್ ಬಂತಣ್ಣಾ? ಟೊಮೇಟೊ ಹೇಳ್ತಾವ್ರಲ್ಲ ಇನ್ನೂ," ಎಂದಳು ಅಮ್ಮ.

"ನಿನ್ ಮಗ್ಳು ಹೇಳಿಸ್ತಾವ್ಳೆ ಅದ್ನ. ಅಸ್ಲಿ ವಾರ್ತೆ ಇಲ್ಲೈತೆ ನೋಡು." ಫೋನನ್ನು ಅವಳ ಮುಖದ ಹತ್ತಿರ ಹಿಡಿದರು. "ಡಿಗ್ರಿ ಓದ್ಬಿಟ್ಟು ವಾರ್ತೇನೇ ಕದಿಯೋರು ಇವ್ರು. ಥೂ."

ಟೀ ಅಂಗಡಿ ತಾತ ಆಗಲೇ ಹಾಲು ಹಾಕಿ ಚೀಟಿ ಹಿಡಿದುಕೊಂಡು ನಿಂತಿದ್ದ. "ಯಜಮಾನ್ರೇ, ಅಸ್ಲಿ ಅಂದ್ರೆ ನನ್ ಡಬ್ಬದ್ದು. ಅದ್ರಾಗೆ ನಿಮ್ ಫೋನ್ಗಿಂತ ಮುಂಚೆ ಬಂದಿರ್ತದೆ. ಹಂಗಾದ್ರೆ ಈಗ ಹಾಕಿಸ್ಕೊಂಡ್ರಲ್ಲ, ನಿಮ್ಮನೆ ಹಾಲೂ ಸೇರಿ, ಅವೆಲ್ಲಾ ವಾಪಸ್ ಕೊಡ್ಬೇಕು."

ನಿಜವೇ. ಸ್ವಲ್ಪ ಮುಂಚೆ ಸೆಕ್ರೆಟರಿಯ ಮನೆಯ ಹಾಲೂ ಬಂದಿತ್ತು. ಜನ ಗುಸುಗುಸು ಶುರು ಮಾಡಿದರು. ಸೆಕ್ರೆಟರಿಯ ಮುಖ ಕೆಂಪಾಯಿತು. ನೇರ ನನ್ನ ಮೇಜಿಗೆ ಬಂದು, ನನ್ನ ಕೈಯಿಂದ ಮೌಸ್ ಕಿತ್ತುಕೊಂಡು, ಪ್ಲೇಯರನ್ನು ಮುಚ್ಚಿಬಿಟ್ಟರು.

"ಇನ್ಮೇಲೆ ನಿನ್ ರೇಡಿಯೋನೇ ಬ್ಯಾಡ. ನನ್ ಫೋನು ಸಾಕು."

ಹಾರ್ನು ಟೊಮೇಟೊ ಮಾತಿನ ನಡುವೆಯೇ ನಿಂತುಹೋಯಿತು. ಮೇಜು ಬಿಟ್ಟು ಎದ್ದು ಹೊರಗೆ ಬಂದೆ. ಗೋಡೆಯ ಮೇಲಿನ ನೀಲಿ ಅಕ್ಷರಗಳ ಕೆಳಗೆ ನಿಂತೆ. ಓದಲು ಬರುತ್ತದಲ್ಲ ನನಗೆ, ಅದಕ್ಕೇ ತಾನೆ ಇವರಿಗೆ ಉರಿ. ನಿಂತಿದ್ದವರಿಗೆಲ್ಲ ಕೇಳುವ ಹಾಗೆ ಓದಿದೆ: "ಹಾರ್ನಿನಲ್ಲಿ ಸಂಜೆ ವಾರ್ತೆ ಆರಂಭವಾದ ಮೇಲೆ ಹಾಲು ತೆಗೆದುಕೊಳ್ಳುವುದಿಲ್ಲ."

"ಹಾರ್ನಲ್ಲಿ ವಾರ್ತೆ ಬಂತಾ?" ಎಂದು ಕೇಳಿದೆ.

ಅಮ್ಮ, "ಬರ್ಲಿಲ್ಲ," ಎಂದಳು.

"ನನ್ ಫೋನಲ್ ಬಂತು ಅಂದ್ನಲ್ಲ!" ಎಂದರು ಸೆಕ್ರೆಟರಿ.

"ಫೋನು ಲೆಕ್ಕಕ್ಕಿಲ್ಲ ಯಜಮಾನ್ರೇ," ಎಂದ ತಾತ. "ನಾನ್ ವಾಚ್ ತೋರ್ಸಿದ್ದಕ್ಕೇ ನಿಮ್ಮಪ್ಪ ಅದನ್ ಬರ್ಸಿದ್ದು. ಅವ್ರು ನನ್ ಹಾಲು ವಾಪಸ್ ಕಳಿಸ್ದಾಗ ನಾನೂ ಬಾಯ್ ಮುಚ್ಕೊಂಡ್ ಹೋಗಿವ್ನಿ."

ಅಷ್ಟರಲ್ಲಿ ಟ್ಯಾಂಕಿನ ತಿರುವಿನಲ್ಲಿ ಇನ್ನೂ ಇಬ್ಬರು ಕಾಣಿಸಿಕೊಂಡರು. ಆಮೇಲೆ ಮತ್ತೆ ಮೂವರು. ಹಾರ್ನಿನಲ್ಲಿ ವಾರ್ತೆ ಕೇಳಿಸದ್ದರಿಂದ ಯಾರೂ ಮನೆಯಲ್ಲಿ ಉಳಿದಿರಲಿಲ್ಲ. ತಡವಾಯಿತೆಂದು ಹಾಲು ಒಲೆ ಮೇಲಿಡಲು ಹೊರಟವರೂ ಪಾತ್ರೆ ಎತ್ತಿಕೊಂಡು ಬರುತ್ತಿದ್ದರು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ವಾರ್ತೆ ಬಂತಾ? ಇಲ್ವಲ್ಲ?" ಅದರಲ್ಲಿ ಅರ್ಧ ಜನ ಸೆಕ್ರೆಟರಿಯ ಬೀದಿಯವರೇ. ತಮ್ಮ ಬೀದಿಯವರನ್ನು ವಾಪಸ್ ಕಳಿಸುವ ಅಭ್ಯಾಸ ಸೆಕ್ರೆಟರಿಗಿರಲಿಲ್ಲ. ಅವರದ್ದನ್ನು ಹಾಕಿಸಿಕೊಂಡು ಅಮ್ಮನದ್ದನ್ನು ಬಿಡುವುದು ಅಷ್ಟು ಜನರ ಮುಂದೆ ಆಗಲಿಲ್ಲ. ಮುಚ್ಚಳ ಎತ್ತಿದರು. ಮೊದಲು ಸುರಿದವಳು ಅಮ್ಮ.

ಹಾಲಿನ ಗಾಡಿಯ ದೀಪ ಕಾಣುವ ತನಕ ಕ್ಯಾನು ತೆರೆದೇ ಇತ್ತು. ಸೆಕ್ರೆಟರಿ ಅದರ ಪಕ್ಕದಲ್ಲೇ ನಿಂತಿದ್ದರು. ಮುಚ್ಚುವುದಕ್ಕೆ ಅವರ ಹತ್ತಿರ ಏನೂ ಇರಲಿಲ್ಲ.

ಗೋಡೆಗೆ ಸುಣ್ಣ ಬಳಿಸುವ ಮಾತು ಸೆಕ್ರೆಟರಿಯ ಮನೆಯಲ್ಲಿ ನಡೆಯಿತಂತೆ. ಅಪ್ಪ ಬರೆಸಿದ್ದು, ಕೈ ಬರಲಿಲ್ಲವೇನೋ. ನನ್ನನ್ನು ತೆಗೆಯುವ ಮಾತೂ ನಡೆದಿರಬೇಕು. ಆದರೆ ಎಮ್ಮೆ ಹಾಲು ಹಸುವಿನ ಚೀಟಿಗೆ ಬಿದ್ದದ್ದನ್ನು ಯಾರೂ ಮರೆತಿರಲಿಲ್ಲ. ಮಾರನೆಯ ಸಂಜೆ ಬಾಮೈದ ನನಗಿಂತ ಮೊದಲೇ ಬಂದು ರೇಡಿಯೋ ಹಾಕಲು ನೋಡಿದ. ಫೋನು ಸಿಕ್ಕಿಸಲು ಹೋದಾಗ ಸರತಿಯಲ್ಲಿ ಯಾರೋ "ಕೊತ್ತಂಬ್ರಿ ಸೊಪ್ಪು" ಎಂದರು, ಅದನ್ನು ಬಿಟ್ಟ. ಕಂಪ್ಯೂಟರಿನ ಹಳೆಯ ಪ್ಲೇಯರ್ ತೆರೆದು, ಅದು ಬಾಯಿ ಬಿಡದಿದ್ದಾಗ ಅದಕ್ಕೇ ಬೈದ. ನಾನು ಬಾಗಿಲಲ್ಲಿ ನಿಂತು ನೋಡಿದೆ, ಹೇಳಿಕೊಡಲಿಲ್ಲ. ಬೇಕಿದ್ದರೆ ಅವನೂ ಮೂರು ವರ್ಷ ಕಾಲೇಜಿಗೆ ಹೋಗಲಿ.

ಜನ ಸೇರುತ್ತಿದ್ದರು. ಹಾರ್ನು ಸುಮ್ಮನಿತ್ತು. ಕೊನೆಗೆ ಸೆಕ್ರೆಟರಿ, ನನ್ನನ್ನು ನೋಡದೆ, ಗೋಡೆಯನ್ನು ನೋಡಿಕೊಂಡು ಹೇಳಿದರು:

"ಹಾಕಮ್ಮ ನಿನ್ ರೇಡಿಯೋನ."

ಕೂತೆ. "ರೇಡಿಯೋ" ಎಂದು ಬರೆದಿದ್ದನ್ನು ಒತ್ತಿದೆ. ಚೌಕದಲ್ಲಿ ಅದೇ ದೊಡ್ಡ ಸಂಖ್ಯೆ ಇತ್ತು. ಅದರಿಂದ ಪ್ಲೇಯರ್ ತುಂಬಿಕೊಳ್ಳುತ್ತಾ, ಏನೂ ನುಡಿಸದೆ ಬಹಳ ಹೊತ್ತು ಕೂತಿತು. ಅವರು ನನ್ನ ಹಿಂದೆ ನಿಂತು ಕಾದರು. ಏನು ತುಂಬುತ್ತಿದೆ, ಯಾರಿಗಾಗಿ ಎಂದು ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು. ನಾನು ಸಂಖ್ಯೆ ಇಳಿಸಲಿಲ್ಲ. ಅವರು ಇಳಿಸೆಂದು ಕೇಳಲಿಲ್ಲ. ಕೇಳಬೇಕೆಂದರೆ ಅದರ ಹೆಸರು ಗೊತ್ತಿರಬೇಕಲ್ಲ.

ಆ ವರ್ಷ ಅಮ್ಮನ ಹಾಲು ಅಳತೆ ಮುಟ್ಟಿತು. ವಾರ್ಷಿಕ ಸಭೆಯ ದಿನ ಪಾಲಿಹೌಸಿಗೆ ರಜೆ ಹಾಕಿ, ಮುಂದಿನ ಸಾಲಿನಲ್ಲೇ ಕೂತಳು. ಕೊಬ್ಬನ್ನು ಈಗ ಯಂತ್ರ ಅಳೆಯುತ್ತದೆ, ಅಲ್ಲಿ ಯಾರ ಆಟವೂ ನಡೆಯುವುದಿಲ್ಲ. ಹೊಸದಾಗಿ ಕೇಳುವುದೇನೂ ಇರಲಿಲ್ಲ. ಆದರೂ ಎದ್ದಳು.

"ಯಂತ್ರ ಬಂದ್ಮೇಲೆ ನಮ್ ಕೇರಿ ಹಾಲಿಗೂ ನಿಮ್ ಬೀದಿ ಹಾಲಿಗೂ ಒಂದೇ ಕೊಬ್ಬು ಬರ್ತೈತೆ. ಅದಕ್ ಮುಂಚೆ ಯಾಕಣ್ಣ ಬರ್ತಿರ್ಲಿಲ್ಲ?"

ಈ ಸಲ ಯಾರೂ ನಗಲಿಲ್ಲ. ಸೆಕ್ರೆಟರಿ ಮೈಕ್ ಹತ್ತಿರ ಬಂದು, ಮುಂದಿನ ವಿಷಯ ಬೂಸ ಹಂಚಿಕೆ ಎಂದರು. ಅಮ್ಮ ಕೂರಲಿಲ್ಲ. ಬೂಸದ ವಿಷಯ ಮುಗಿಯುವ ತನಕ, ಅದರ ಮುಂದಿನ ವಿಷಯವೂ ಮುಗಿಯುವ ತನಕ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೇ ಇದ್ದಳು.